ಲಿಫ್ಟಿನೊಳಗೊಬ್ಬ ಲೆಜೆಂಡ್

ಹೊಗಳಿಕೆಯನ್ನು ಹೊಗಳಿಕೆ ಅಂತಲೇ ತಗೊಂಡು, ಒಂದು ನಗು ನಕ್ಕು, ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿ ಮಲಗುವವರು ಲೋಕದಲ್ಲಿ ಕೋಟಿ ಜನ ಇದ್ದಾರೆ. ಅವರಿಂದ ಯಾರಿಗೂ ತೊಂದರೆ ಇಲ್ಲ. ನಮ್ಮ ಭಾವ ಆ ಕೋಟಿಗೆ ಸೇರಿದವರಲ್ಲ. ಅವರನ್ನು ಯಾರಾದರೂ ಹೊಗಳಿದರೆ, ಅದರ ಅರ್ಥವೇನು, ಮೂಲವೇನು, ಅದನ್ನಿಟ್ಟುಕೊಂಡು ಮುಂದೇನು ಮಾಡಬೇಕು ಅಂತ ಬೆನ್ನು ಹತ್ತುತ್ತಾರೆ. ಅವರು ಬೆನ್ನು ಹತ್ತಿದರೆ ಓಡಬೇಕಾದವನು ನಾನು, ಯಾಕೆಂದರೆ ನಾನು ಅವರ ಹೆಂಡತಿಯ ತಮ್ಮ.

ಭಾವ ಏಳು ಮಹಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಲಿಫ್ಟ್ ನಡೆಸುತ್ತಾರೆ, ಮೂವತ್ತೊಂದು ವರ್ಷದಿಂದ. ಹಳೇ ಕಾಲದ ಲಿಫ್ಟು. ಕಬ್ಬಿಣದ ಜಾಲರಿ ಗೇಟು, ಹಿತ್ತಾಳೆ ಹಿಡಿಕೆ, ಮೂಲೆಯಲ್ಲಿ ಒಂದು ಸ್ಟೂಲು, ‘ಹತ್ತು ಜನರಿಗೆ ಮಾತ್ರ’ ಅನ್ನುವ ಬೋರ್ಡು. ಹಿಡಿಕೆ ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ. ಇಷ್ಟು ಯಾರು ಬೇಕಾದರೂ ಮಾಡಬಹುದು. ಆದರೆ ಅದನ್ನು ಸರಿಯಾಗಿ ಮಹಡಿಯ ಮಟ್ಟಕ್ಕೆ ನಿಲ್ಲಿಸುವುದು ಭಾವನಿಗೆ ಮಾತ್ರ ಗೊತ್ತು. ಬೇರೆ ಯಾರು ನಿಲ್ಲಿಸಿದರೂ ಒಂದು ಗೇಣು ಮೇಲೋ ಕೆಳಗೋ ಆಗಿ, ಇಳಿಯುವವರು ಮುಗ್ಗರಿಸಿ ಎದುರಿನ ಗುಮಾಸ್ತರ ಮೇಜಿನ ಮೇಲೆ ಹೋಗಿ ಬೀಳುತ್ತಾರೆ.

ಈಗ ಆ ಲಿಫ್ಟಿನ ಕಾಲ ಮುಗಿದಿತ್ತು. ಗುಂಡಿ ಒತ್ತುವ ಹೊಸ ಲಿಫ್ಟ್ ತರಿಸುವುದು ಅಂತ ತೀರ್ಮಾನವಾಗಿ, ಅದಕ್ಕೆ ಆಪರೇಟರ್ ಬೇಕೋ ಬೇಡವೋ ಅಂತ ಒಂದು ಫೈಲು ಎದ್ದಿತ್ತು. ಬೇಡ ಅಂತಾದರೆ ಭಾವನನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕುತ್ತಾರೆ. ಅಲ್ಲಿ ಕಿಟಕಿ ಇಲ್ಲ, ಬೇಕಾದಷ್ಟು ಧೂಳಿದೆ, ಮನುಷ್ಯರ ಸುಳಿವಿಲ್ಲ. “ಇನ್ನೂ ಮೂರು ವರ್ಷ ಸರ್ವಿಸ್ ಇದೆ ಕಣಯ್ಯ. ಅಲ್ಲಿ ಹೋಗಿ ಯಾರಿಗೆ ನಮಸ್ಕಾರ ಅನ್ನಲಿ? ಕಡತಕ್ಕಾ?” ಅಂತ ನನ್ನ ಹತ್ತಿರ ಹೇಳಿದ್ದರು. ತಮಾಷೆಯೆಂದರೆ, ಆ ಫೈಲು ಮಹಡಿಯಿಂದ ಮಹಡಿಗೆ ಓಡಾಡುತ್ತಿದ್ದದ್ದೂ ಭಾವನ ಲಿಫ್ಟಿನಲ್ಲೇ. ತಮ್ಮ ಸ್ಟೂಲು ಕಿತ್ತುಕೊಳ್ಳುವ ಕಾಗದವನ್ನು ತಾವೇ ಮಟ್ಟಸವಾಗಿ ಇಳಿಸಿ, “ಹುಷಾರು, ನಿಧಾನ” ಅಂತ ಕಳಿಸಿಕೊಡುತ್ತಿದ್ದರು. ಮುಂದಿನ ಶನಿವಾರ ದೊಡ್ಡ ಸಾಹೇಬರು ಸಹಿ ಹಾಕುತ್ತಾರೆ ಅಂತ ಸುದ್ದಿ.

ಹೀಗಿರುವಾಗ ಐದನೇ ಮಹಡಿಗೆ ಹೊಸದಾಗಿ ಬಂದಿದ್ದ ಮೇಡಂ ಒಬ್ಬರು, ಮೀಟಿಂಗಿಗೆ ತಡವಾಗಿ, ಎರಡೂ ಕೈಯಲ್ಲಿ ಕಾಗದದ ಕಟ್ಟು ಹಿಡಿದು ಲಿಫ್ಟಿಗೆ ನುಗ್ಗಿದರು. ಗೇಟು ಕಚ್ಚಿಕೊಂಡಿತು. ಭಾವ ಎದ್ದು ಗೇಟಿನ ಬುಡದಲ್ಲಿ ತಮಗೊಬ್ಬರಿಗೇ ಗೊತ್ತಿರುವ ಒಂದು ಜಾಗಕ್ಕೆ ಹಿಮ್ಮಡಿಯಿಂದ ಒದ್ದರು. ಗೇಟು ಮುಚ್ಚಿತು. ಮೇಡಂ ಐದನೇ ಮಹಡಿಯಲ್ಲಿ ಇಳಿಯುತ್ತಾ, “ಯು ಆರ್ ಎ ಲೆಜೆಂಡ್!” ಅಂತ ಅಂದು ಓಡಿದರು. ಪಾಪ, ಅವರು ಅದನ್ನು ಮೀಟಿಂಗು ಮುಗಿಯುವುದರೊಳಗೆ ಮರೆತಿರಬೇಕು.

ಆ ಸಂಜೆ ನಾನು ಅಕ್ಕನ ಮನೆಗೆ ಹೋದರೆ ಭಾವ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದರು.

“ಬಾರಯ್ಯ. ಲೆಜೆಂಡ್ ಅಂದ್ರೇನು?”

ನಾನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಔಷಧಿ ಬಾಟಲಿಯ ಲೇಬಲ್ಲು, ಬಸ್ಸಿನ ಟಿಕೆಟ್ಟು, ಶಾಲೆಯ ಅಂಕಪಟ್ಟಿ, ಇವುಗಳಲ್ಲಿ ತಪ್ಪು ಹುಡುಕುವುದು ನನ್ನ ಕಸುಬು. ಹಾಗಾಗಿ ನಮ್ಮ ಮನೆತನಕ್ಕೆ ನಾನೇ ಸಾಹಿತಿ.

“ದೊಡ್ಡ ಮನುಷ್ಯ, ಎಲ್ಲರೂ ಗೌರವಿಸೋ ವ್ಯಕ್ತಿ ಅಂತ, ಭಾವ.”

“ಎಷ್ಟು ದೊಡ್ಡ?”

“ತುಂಬಾನೇ ದೊಡ್ಡ.”

“ದೊಡ್ಡ ಸಾಹೇಬರಿಗಿಂತ?”

“ಅವರನ್ನ ಯಾರಾದ್ರೂ ಲೆಜೆಂಡ್ ಅಂದಿದ್ದಾರಾ?”

“ಇಲ್ಲಪ್ಪ. ಲಿಫ್ಟಲ್ಲಿ ಅವರ ಬಗ್ಗೆ ಬೇರೆ ಏನೇನೋ ಅಂತಾರೆ.”

ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. “ಅದು ಬೈಗುಳಾನೋ ಏನೋ ಸರಿಯಾಗಿ ನೋಡಿ ಹೇಳೋ! ಬಂದಾಗಿನಿಂದ ಒಂದು ಲೋಟ ನೀರು ಕೂಡ ಎದ್ದು ತಗೊಂಡಿಲ್ಲ ಇವರು. ಲೆಜೆಂಡ್‌ಗೆ ನೀರು ಬೇಕು ಅಂತ ಕೂತಲ್ಲಿಂದಾನೇ ಹೇಳ್ತಾರೆ.”

ನನ್ನ ಅರ್ಥ ಭಾವನಿಗೆ ಸಾಲಲಿಲ್ಲ. ಪಕ್ಕದ ಮನೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಒಬ್ಬರಿದ್ದಾರೆ. ಒಂಬತ್ತು ವರ್ಷದಿಂದ ಅವರನ್ನು ಯಾರೂ ಒಂದು ಪದದ ಅರ್ಥ ಕೇಳಿಲ್ಲ. ನೀರು ಬಂತಾ, ಕರೆಂಟು ಹೋಯ್ತಾ, ಇಷ್ಟೇ ಕೇಳುತ್ತಾರೆ. ಭಾವ ಬಾಗಿಲಲ್ಲಿ ನಿಂತು ಲೆಜೆಂಡ್ ಅಂದ ಕೂಡಲೇ ಅವರ ಮುಖ ಊರಗಲ ಆಯಿತು. ಮೊಣಕಾಲು ನೋವನ್ನು ಮರೆತು ಎದ್ದು, ಎರಡು ಕೈಯಲ್ಲಿ ಎತ್ತಬೇಕಾದ ಒಂದು ನಿಘಂಟು ತಂದು ಮೇಜಿನ ಮೇಲೆ ಹಾಕಿದರು.

“ಲ್ಯಾಟಿನ್!” ಅಂದರು. “ಮೂಲದಲ್ಲಿ ಲೆಜೆಂಡ. ಅಂದ್ರೆ ಓದಬೇಕಾದದ್ದು. ಓದಲೇಬೇಕಾದದ್ದು. ಹಿಂದಿನ ಕಾಲದಲ್ಲಿ ಸನ್ಯಾಸಿಗಳ ಆಶ್ರಮಗಳಲ್ಲಿ ಊಟಕ್ಕೆ ಕೂತಾಗ ಯಾರೂ ಮಾತಾಡೋ ಹಾಗಿರಲಿಲ್ಲ. ಒಬ್ಬ ಎದ್ದು ನಿಂತು ಮಹಾತ್ಮರ ಜೀವನ ಚರಿತ್ರೆ ಗಟ್ಟಿಯಾಗಿ ಓದೋನು. ಉಳಿದವರು ಕೇಳ್ತಾ ಊಟ ಮಾಡೋರು. ಆ ಚರಿತ್ರೆಗೆ ಲೆಜೆಂಡ್ ಅಂತ ಹೆಸರು. ಮನುಷ್ಯನಿಗಲ್ಲ ಸ್ವಾಮಿ, ಕಾಗದಕ್ಕೆ! ಬರೀತಾ ಬರೀತಾ ಸೇರಿಸೋದು ಜಾಸ್ತಿ ಆಯ್ತು, ನಂಬೋಕಾಗದ ಕತೆಗೂ ಅದೇ ಹೆಸರು ಬಂತು. ಅಂಥ ಕತೆ ಯಾರ ಬಗ್ಗೆ ಹುಟ್ಟುತ್ತೋ ಆ ಮನುಷ್ಯನನ್ನೇ ಲೆಜೆಂಡ್ ಅನ್ನೋಕೆ ಶುರು ಮಾಡಿದ್ದು ತೀರಾ ಈಚೆಗೆ. ಇನ್ನು ನಾಣ್ಯದ ಅಂಚಲ್ಲಿ ಅಕ್ಷರ ಇರುತ್ತಲ್ಲ, ಅದೂ ಲೆಜೆಂಡೇ. ನಕ್ಷೆಯ ಮೂಲೆಯಲ್ಲಿ…”

ಮೇಷ್ಟ್ರು ನಕ್ಷೆಯ ಮೂಲೆಯಲ್ಲಿದ್ದಾಗ ಭಾವ ‘ಓದಲೇಬೇಕಾದದ್ದು’ ಅನ್ನುವಲ್ಲೇ ನಿಂತಿದ್ದರು. ಹೊರಗೆ ಬಂದು ನನ್ನ ತೋಳು ಹಿಡಿದರು.

“ಮೇಡಂ ಸುಮ್ನೆ ಹೊಗಳಿಲ್ಲ ಕಣಯ್ಯ. ನನ್ನ ಬಗ್ಗೆ ಕಾಗದ ಇರಬೇಕು, ಅದನ್ನ ಎಲ್ಲರೂ ಓದಬೇಕು ಅಂತ ಸೂಚನೆ ಕೊಟ್ಟಿದ್ದಾರೆ. ಆಫೀಸರ್ ಬಾಯಿಂದ ಬಂದ ಮಾತು. ಕಾಗದ ಎಲ್ಲಿ?”

“ಕಾಗದ ಎಲ್ಲಿಂದ ಬರುತ್ತೆ ಭಾವ?”

“ಅದಕ್ಕೇ ಹೇಳ್ತಿರೋದು. ಬರಿ. ಶನಿವಾರದೊಳಗೆ ಎಲ್ಲರೂ ಓದಿದ್ರೆ, ಓದಿದ ಮೇಲೂ ನನ್ನ ನೆಲಮಾಳಿಗೆಗೆ ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ?”

ಊಟದ ಹೊತ್ತಿನಲ್ಲಿ ಓದಿಸುವುದು ಆಗದ ಮಾತು, ಅಲ್ಲಿ ಎಲ್ಲರ ಬಾಯಿಯೂ ಎರಡು ಕೆಲಸದಲ್ಲಿರುತ್ತದೆ ಅಂತ ನಾನು ತಪ್ಪಿಸಿಕೊಳ್ಳಲು ನೋಡಿದೆ. ಭಾವ ಅದಕ್ಕೂ ಸಿದ್ಧರಾಗಿದ್ದರು. “ಲಿಫ್ಟಲ್ಲಿ ಯಾರೂ ಮಾತಾಡಲ್ಲ. ಗೋಡೆ ನೋಡ್ಕೊಂಡು ನಿಂತಿರ್ತಾರೆ. ಗೋಡೆ ಮೇಲೆ ಏನೂ ಇರಲ್ಲ. ಪಾಪ, ಮೂವತ್ತೊಂದು ವರ್ಷದಿಂದ ನೋಡ್ತಿದ್ದೀನಿ, ಏನೂ ಇಲ್ಲದ್ದನ್ನೇ ನೋಡ್ತಾರೆ.” ಅನುಭವದ ಮಾತು, ನಾನು ಪೆನ್ನು ತೆಗೆದೆ.

ಭಾನುವಾರವೆಲ್ಲ ಕೂತು ಜೀವನ ಚರಿತ್ರೆ ಕೇಳಿದೆ. ನೆಲದಿಂದ ಏಳನೇ ಮಹಡಿಗೆ ನಲವತ್ತೆಂಟು ಸೆಕೆಂಡು. ದಿನಕ್ಕೊಂದು ಪುಟ, ನಲವತ್ತೆಂಟು ಸೆಕೆಂಡಿನಲ್ಲಿ ಮುಗಿಯಬೇಕು.

“ಚಿಕ್ಕಂದಿನಲ್ಲಿ ಏನಾದ್ರೂ ವಿಶೇಷ, ಭಾವ?”

“ಮೆಟ್ಟಿಲು ಹತ್ತೋಕೆ ಸೋಮಾರಿತನ ಅಂತ ಅಮ್ಮ ಬೈತಿದ್ರು.”

“ಸಾಹಸ? ಸಾಧನೆ?”

ಭಾವ ತುಂಬಾ ಹೊತ್ತು ಯೋಚಿಸಿದರು. “ಒಂದು ದಿನಾನೂ ತಡ ಮಾಡಿಲ್ಲ” ಅಂದರು. ಅಕ್ಕ ಬಾಗಿಲಿಗೊರಗಿ ನಿಂತು, “ಬರಿಯೋ, ಮದುವೆ ದಿನ ಕೂಡ ಹತ್ತೂವರೆಗೆ ಡ್ಯೂಟಿಗೆ ಹೋಗ್ಬೇಕು ಅಂತ ಗಡಿಯಾರ ನೋಡ್ತಿದ್ರು ಅಂತ ಬರಿ” ಅಂದಳು.

ಸೋಮವಾರ ಮೊದಲ ಪುಟ ಲಿಫ್ಟಿನ ಗೋಡೆಗೆ ಅಂಟಿತು. ಮೇಲೆ ‘ಲೆಜೆಂಡ್: ಓದಲೇಬೇಕಾದದ್ದು’ ಅಂತ ತಲೆಬರಹ. ಕೆಳಗೆ ‘ಹತ್ತಿರ ನಿಂತವರು ಗಟ್ಟಿಯಾಗಿ ಓದತಕ್ಕದ್ದು, ಉಳಿದವರು ಸುಮ್ಮನಿರತಕ್ಕದ್ದು’ ಅಂತ ಸೂಚನೆ. ಆಪರೇಟರು ಈವರೆಗೆ ಮೇಲೇರಿದ ಎತ್ತರವನ್ನೆಲ್ಲ ಕೂಡಿಸಿದರೆ ಹದಿನೇಳು ಸಾವಿರ ಕಿಲೋಮೀಟರ್ ಆಗುತ್ತದೆ ಅಂತ ನಾನು ಲೆಕ್ಕ ಹಾಕಿ ಬರೆದಿದ್ದೆ. ಐದನೇ ಮಹಡಿಯ ಮೇಡಂ ಅದನ್ನು ಶಾಲೆಯ ವೇದಿಕೆಯಲ್ಲಿ ನಿಂತಂತೆ ಗಟ್ಟಿಯಾಗಿ ಓದಿದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಪೆನ್ನಿನಲ್ಲಿ ಅಂಚಿಗೆ ಬರೆದಿದ್ದರು: “ಇಳಿದದ್ದೂ ಅಷ್ಟೇ. ಆದ್ದರಿಂದ ಒಟ್ಟು ಸೊನ್ನೆ. – ಅಂಕಿಅಂಶ ವಿಭಾಗ.”

ಮಂಗಳವಾರದ ಪುಟದಲ್ಲಿ, ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟು ಎರಡು ಗಂಟೆ ಸಿಕ್ಕಿಕೊಂಡಾಗ ಆಪರೇಟರು ಸೂಪರಿಂಟೆಂಡೆಂಟರಿಗೆ ಧೈರ್ಯ ತುಂಬಿದ ಪ್ರಸಂಗ. ಇಡೀ ಕಟ್ಟಡಕ್ಕೆ ಮೀಸೆಯಿಂದಲೇ ಪರಿಚಿತರಾದ ಆ ಸೂಪರಿಂಟೆಂಡೆಂಟರು ಓದಿ, ಹಸಿರು ಶಾಯಿಯಲ್ಲಿ ಷರಾ ಹಾಕಿದರು: “ಧೈರ್ಯ ತುಂಬಿದ್ದು ನಾನು. ಆಪರೇಟರ್ ಸ್ಟೂಲಿನ ಅಡಿಯಲ್ಲಿ ತೂರಿಕೊಂಡಿದ್ದ.” ಸಂಜೆಗೆ ಅದರ ಕೆಳಗೆ ಇನ್ನೊಬ್ಬರು, “ಸ್ಟೂಲಿನ ಅಡಿಯಲ್ಲಿ ಇಬ್ಬರಿಗೆ ಜಾಗ ಇತ್ತೇ?” ಅಂತ ಕೇಳಿದ್ದರು. ಅಲ್ಲಿಂದ ಲಿಫ್ಟಿಗೆ ಬಂತು ನೋಡಿ ಯೋಗ! ಮೆಟ್ಟಿಲು ಖಾಲಿ ಹೊಡೆಯಿತು. ಒಂದನೇ ಮಹಡಿಗೆ ಹೋಗಬೇಕಾದವರು ಏಳನೆಯದಕ್ಕೆ ಹೋಗಿ ಬರತೊಡಗಿದರು. ನಿಧಾನವಾಗಿ ಓದುವವರು, “ಇನ್ನೊಂದು ರೌಂಡ್ ಹೋಗಿ, ನಾಲ್ಕು ಸಾಲು ಉಳಿದಿದೆ” ಅನ್ನತೊಡಗಿದರು. ಬುಧವಾರ ಒಂದು ಬೆಕ್ಕು ದಿನಾ ಲಿಫ್ಟಿನಲ್ಲಿ ಕ್ಯಾಂಟೀನಿಗೆ ಹೋಗುತ್ತಿದ್ದ ಕತೆ ಬಂದಾಗ, ಬೆಕ್ಕಿನ ಬಣ್ಣ ಕಪ್ಪೋ ಬೂದಿಯೋ ಅಂತ ಎರಡು ವಿಭಾಗಗಳ ನಡುವೆ ಮಾತು ನಿಂತುಹೋಯಿತು.

ಗುರುವಾರ ವಿಚಾರಣೆ. ‘ಲಿಫ್ಟಿನೊಳಗೆ ಅನಧಿಕೃತ ಓದಿನ ಬಗ್ಗೆ’ ಅಂತ ಸೂಪರಿಂಟೆಂಡೆಂಟರು ಮೆಮೊ ಕೊಟ್ಟಿದ್ದರು. ಭಾವ ಉತ್ತರದಲ್ಲಿ ‘ಲ್ಯಾಟಿನ್ ಪ್ರಕಾರ’ ಅಂತ ಬರೆದಿದ್ದರು. ಲ್ಯಾಟಿನ್ ಹಾಜರುಪಡಿಸಬೇಕು ಅಂತ ಮರು ಆದೇಶ ಬಂತು. ಹಾಗಾಗಿ ದೊಡ್ಡ ಸಾಹೇಬರ ಕೋಣೆಯಲ್ಲಿ ಒಂದು ಕಡೆ ಸೂಪರಿಂಟೆಂಡೆಂಟರು, ಇನ್ನೊಂದು ಕಡೆ ಭಾವ, ನಾನು, ಮತ್ತು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ನಿಘಂಟನ್ನು ಮಗುವಿನಂತೆ ಎತ್ತಿಕೊಂಡ ಮೇಷ್ಟ್ರು.

ದೊಡ್ಡ ಸಾಹೇಬರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮೇಷ್ಟ್ರು ಇಪ್ಪತ್ತು ನಿಮಿಷ ಮಾತಾಡಿದರು. ಆಶ್ರಮ, ಊಟ, ನಾಣ್ಯ, ನಕ್ಷೆ ಎಲ್ಲ ಬಂತು.

“ಅಂದ್ರೆ ಸುಳ್ಳು ಕತೆ ಅನ್ನೋ ಅರ್ಥಾನೂ ಇದೆ, ಅಲ್ವಾ?” ಅಂತ ಸೂಪರಿಂಟೆಂಡೆಂಟರು ಮೀಸೆ ಮುಂದೆ ತಂದು ಕೇಳಿದರು.

“ಇದೆ.”

“ಹಾಗಾದ್ರೆ ನನ್ನ ಬಗ್ಗೆ ಬರೆದಿರೋದು ನಿಜಾನೋ ಸುಳ್ಳೋ?”

“ಅದಕ್ಕೆ ನೀವು ಲ್ಯಾಟಿನ್ ಕೇಳಬಾರದು ಸ್ವಾಮಿ, ನಿಮ್ಮ ಆತ್ಮಸಾಕ್ಷಿ ಕೇಳಬೇಕು,” ಅಂದರು ಮೇಷ್ಟ್ರು. ಅವರು ಆ ದಿನ ಎಷ್ಟು ಖುಷಿಯಾಗಿದ್ದರೆಂದರೆ ಯಾರಿಗೂ ಹೆದರುವ ಸ್ಥಿತಿಯಲ್ಲಿರಲಿಲ್ಲ.

ದೊಡ್ಡ ಸಾಹೇಬರು ಕನ್ನಡಕ ಒರೆಸಿಕೊಂಡರು. “ಶನಿವಾರದವರೆಗೆ ಇರಲಿ. ಆವತ್ತು ಲಿಫ್ಟಿನ ಫೈಲಿನ ಜೊತೆ ಇದನ್ನೂ ಮುಗಿಸ್ತೀನಿ,” ಅಂದರು.

ಈಗ ಬಂತು ನನ್ನ ಕಷ್ಟ. ಶುಕ್ರವಾರಕ್ಕೆ ಬರೆಯಲು ಸರಕಿಲ್ಲ. ಭಾವನ ಜೀವನ ಮೂರು ಪುಟಕ್ಕೇ ಮುಗಿದಿತ್ತು. “ಇನ್ನೇನೂ ಆಗಿಲ್ವಾ ಭಾವ? ಯೋಚನೆ ಮಾಡಿ” ಅಂದರೆ, “ಹೇಳೋ ಅಂಥದ್ದು ಏನೂ ಇಲ್ಲ ಕಣಯ್ಯ. ನೀನೇ ನೋಡಿ ಬರಿ” ಅಂದು ಎದ್ದುಹೋದರು. ನಾನು ಬರೆದದ್ದನ್ನು ಅವರು ಓದುತ್ತಲೂ ಇರಲಿಲ್ಲ. ತನ್ನ ಲೆಜೆಂಡು ತಾನೇ ಓದಿಕೊಂಡರೆ ಅದು ಜಂಬ ಅನ್ನಿಸಿಕೊಳ್ಳುತ್ತದಂತೆ. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಬೇರೆಯವರ ತಪ್ಪು ತಿದ್ದಿದವನು, ಒಂದು ಪುಟ ಸ್ವಂತವಾಗಿ ಕಟ್ಟಲಾರೆನೇ? ಕೂತು ಕಟ್ಟಿಯೇಬಿಟ್ಟೆ:

‘ಒಂದು ಮಧ್ಯಾಹ್ನ ಈ ಕಚೇರಿಯ ಹಿರಿಯ ಅಧಿಕಾರಿಯೊಬ್ಬರು ಒಬ್ಬರೇ ಲಿಫ್ಟಿಗೆ ಬಂದರು. ಗೇಟು ಮುಚ್ಚುತ್ತಲೇ ಗೋಡೆಯ ಕಡೆ ತಿರುಗಿ ಅತ್ತರು. ಆಪರೇಟರು ಏನೂ ಕೇಳಲಿಲ್ಲ, ಯಾವ ಮಹಡಿಯಲ್ಲೂ ನಿಲ್ಲಿಸಲಿಲ್ಲ. ಮೇಲಕ್ಕೂ ಕೆಳಕ್ಕೂ ಹನ್ನೊಂದು ಸಲ ಓಡಿಸಿದರು. ಅಳು ನಿಂತ ಮೇಲೆ ಅವರನ್ನು ಅವರ ಮಹಡಿಯಲ್ಲಿ ಇಳಿಸಿ, ನಮಸ್ಕಾರ ಸಾರ್ ಅಂದರು. ಆ ಅಧಿಕಾರಿ ಯಾರು? ನಾಳೆ ಓದಿ.’

‘ನಾಳೆ ಓದಿ’ ಅನ್ನುವುದು ನನ್ನ ಕೈಚಳಕ. ಅದನ್ನು ಬರೆದು ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಮಧ್ಯಾಹ್ನ ಭಾವ ಪ್ರೆಸ್ಸಿಗೆ ಫೋನ್ ಮಾಡಿದರು. ಸ್ವರ ಇಳಿದಿತ್ತು. “ಏನಯ್ಯ, ಇವತ್ತಿಂದು ಸಪ್ಪೆ ಆಯ್ತು ಅನ್ಸುತ್ತೆ. ಮೇಡಂ ರಜ. ಉಳಿದೋರು ಒಬ್ಬರೂ ಗಟ್ಟಿಯಾಗಿ ಓದಲಿಲ್ಲ. ಓದೋರು, ಕೆಮ್ಮೋರು, ತಲೆ ತಗ್ಗಿಸಿ ಇಳಿದು ಹೋಗೋರು. ಮೀಸೆ ಸಾಹೇಬ್ರಂತೂ ಮೆಟ್ಟಿಲಲ್ಲಿ ಇಳಿದು ಹೋದ್ರು. ಎಲ್ಲ ಕೆಡ್ತು ಕಣಯ್ಯ.”

ಫೋನಿಟ್ಟು ಹತ್ತು ನಿಮಿಷ ಆಗಿಲ್ಲ, ಅದೇ ಮೀಸೆ ನಮ್ಮ ಪ್ರೆಸ್ಸಿನ ಬಾಗಿಲಲ್ಲಿ! ಬರೆಯುವವನು ಇಂಥ ಪ್ರೆಸ್ಸಿನಲ್ಲಿದ್ದಾನೆ ಅಂತ ಭಾವ ಇಡೀ ಕಟ್ಟಡಕ್ಕೆ ಜಾಹೀರು ಮಾಡಿದ್ದರಲ್ಲ.

“ವಿಸಿಟಿಂಗ್ ಕಾರ್ಡ್ ಮಾಡಿಸೋಣ ಅಂತ,” ಅಂದರು. ಕೂತರು. ಅತ್ತ ಇತ್ತ ನೋಡಿದರು. ಆಮೇಲೆ ಮುಂದೆ ಬಾಗಿ, “ಅದು ಅಳು ಅಲ್ಲ ಕಣ್ರೀ. ಕಣ್ಣಿಗೆ ಔಷಧಿ ಹಾಕಿಸ್ಕೊಂಡಿದ್ದೆ. ಮಗ ಮನೆ ಬಿಟ್ಟು ಹೋಗಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಮೇಲೆ ಅವನು ವಾಪಸ್ ಬಂದ,” ಅಂದರು.

ನಾನು ಆರ್ಡರ್ ಪುಸ್ತಕದಲ್ಲಿ ‘ವಿಸಿಟಿಂಗ್ ಕಾರ್ಡ್, ನೂರು’ ಅಂತ ಬರೆದುಕೊಂಡೆ.

ಅವರು ಹೋದರು, ಇನ್ನೊಬ್ಬರು ಬಂದರು. ಅವರಿಗೂ ವಿಸಿಟಿಂಗ್ ಕಾರ್ಡು. “ಹನ್ನೊಂದು ಸಲ ಅಂತ ಬರೆದಿದ್ದೀರಿ. ಮೂರೇ ಸಲ. ಮನುಷ್ಯನ ಬಗ್ಗೆ ಇಷ್ಟೊಂದು ಉತ್ಪ್ರೇಕ್ಷೆ ಸರಿಯಲ್ಲ.” ಮೂರನೆಯವರು ಬುದ್ಧಿವಂತರು. “ನನ್ನದು ಬೆಳಿಗ್ಗೆ ನಡೆದದ್ದು, ಮಧ್ಯಾಹ್ನ ಅಲ್ಲ. ಆದ್ದರಿಂದ ಅದು ನಾನಲ್ಲ. ನಾನಲ್ಲ ಅಂತ ನಾಳೆ ಸ್ಪಷ್ಟವಾಗಿ ಹಾಕ್ತೀರಾ?” ನಾಲ್ಕನೆಯವರು, ಐದನೆಯವರು, ಆರನೆಯವರು. ನಮ್ಮ ಪ್ರೆಸ್ಸಿನ ಮಾಲೀಕರು ಒಂದೇ ದಿನ ಆರು ಜನಕ್ಕೆ ವಿಸಿಟಿಂಗ್ ಕಾರ್ಡ್ ಬೇಕಾದದ್ದು ನೋಡಿ ನನಗೆ ತಾವೇ ಕಾಫಿ ತಂದುಕೊಟ್ಟರು.

ಐದು ಗಂಟೆಗೆ ದೊಡ್ಡ ಸಾಹೇಬರು ಬಂದರು. ಅವರು ಕಾರ್ಡು ಕೇಳಲಿಲ್ಲ. ಪ್ರೂಫ್ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಕೂತರು.

“ಹನ್ನೊಂದಲ್ಲ, ಹದಿನಾಲ್ಕು. ನಾನು ಎಣಿಸಿದ್ದೆ,” ಅಂದರು. “ನಮ್ಮಮ್ಮ ಹೋದ ದಿನ. ಫೋನ್ ಬಂತು. ಆಗಿನ್ನೂ ನಾನು ಮೂರನೇ ಮಹಡೀಲಿದ್ದೆ. ಎಲ್ಲರ ಮುಂದೆ ಹೇಗೆ ಅಳೋದು? ಲಿಫ್ಟಿಗೆ ಹೋದೆ.” ಸರಿಸಿಟ್ಟ ಪ್ರೂಫ್ ಕಾಗದಗಳ ಅಂಚು ಸರಿಮಾಡಿದರು. “ಹೆಸರು ಹಾಕಬೇಡಿ ಅಂತ ನಾನು ಹೇಳೋದಿಲ್ಲ. ನನ್ನ ಕೈಲಿ ಫೈಲಿದೆ, ಹೇಳಿದ್ರೆ ತಪ್ಪಾಗುತ್ತೆ. ಎಣಿಕೆ ಮಾತ್ರ ಸರಿ ಮಾಡಿ.”

ನಾನು ಅವರನ್ನು ಬಾಗಿಲವರೆಗೆ ಬಿಟ್ಟು ಬಂದೆ. ಮನಸ್ಸಿಗೆ ಪಿಚ್ಚೆನಿಸಿತು ನಿಜ. ಆದರೆ ತಲೆ ನನ್ನದು ನೋಡಿ, ಅದು ಆಗಲೇ ಬೇರೆ ಕಡೆ ಓಡುತ್ತಿತ್ತು. ಏಳು ಅಧಿಕಾರಿಗಳು! ಏಳೂ ಜನ ನಾಳೆಗೆ ಹೆದರಿದ್ದಾರೆ! ಭಾವನ ಸ್ಟೂಲನ್ನು ಇನ್ನು ಯಾರು ಅಲ್ಲಾಡಿಸುತ್ತಾರೆ? ಬಸ್ಸಿಗೂ ಕಾಯದೆ ಅಕ್ಕನ ಮನೆಗೆ ಹೆಚ್ಚುಕಡಿಮೆ ಓಡಿಯೇ ಹೋದೆ.

“ಭಾವ, ಕೆಲಸ ಆಯ್ತು! ನಾಳೆ ಹೆಸರು ಬರುತ್ತೆ ಅಂತ ಒಂದು ಮಾತು ನೀವು ಬಾಯಿಬಿಟ್ರೆ ಸಾಕು. ಮೂರು ವರ್ಷ ಅಲ್ಲ, ಮೂವತ್ತು ವರ್ಷ ಕೂರಿಸ್ತಾರೆ.”

“ಯಾವ ಹೆಸರು? ಏನು ಬರೆದಿದ್ದೆ ನೀನು? ಓದು.”

ನಾನು ನಕಲು ತೆಗೆದು ಗಟ್ಟಿಯಾಗಿ ಓದಿದೆ. ಓದಿ ತಲೆಯೆತ್ತಿದರೆ ಭಾವನ ಮುಖ ಕಪ್ಪಿಟ್ಟಿತ್ತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಯಾರು ಹೇಳಿದ್ರು ನಿನಗೆ?”

“ಯಾರೂ ಇಲ್ಲ ಭಾವ. ನಾನೇ ಕಟ್ಟಿದ್ದು.”

“ಸುಳ್ಳು ಹೇಳಬೇಡ! ಹನ್ನೊಂದು ಅಂತ ಯಾರು ಹೇಳಿದ್ರು? ಗೋಡೆ ಕಡೆ ತಿರುಗ್ತಾರೆ ಅಂತ ಯಾರು ಹೇಳಿದ್ರು?”

“ನಿಮ್ಮಾಣೆ ಭಾವ, ಅಂದಾಜಿಗೆ ಹಾಕಿದ್ದು! ಅಳೋರು ಇನ್ನೆಲ್ಲಿ ತಿರುಗ್ತಾರೆ?”

ಅಕ್ಕ ಸೌಟು ಹಿಡಿದು ಹೊರಗೆ ಬಂದಿದ್ದಳು. “ರೀ, ಇದು ನಿಜವಾಗ್ಲೂ ನಡೆದದ್ದಾ? ಇಷ್ಟು ವರ್ಷ ನನಗೂ ಒಂದು ಮಾತು ಹೇಳಿಲ್ವಲ್ಲ ನೀವು!”

“ನಿನಗ್ಯಾಕೆ ಹೇಳ್ಲಿ? ನಿನ್ನ ಲಿಫ್ಟಾ ಅದು?” ಅಂದರು ಭಾವ. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತರು. “ಮನೇಲಿ ಅಳೋಕಾಗಲ್ಲ, ಮಕ್ಕಳಿರ್ತಾರೆ. ಆಫೀಸಲ್ಲಿ ಅಳೋಕಾಗಲ್ಲ, ಕೈಕೆಳಗಿನೋರು ಇರ್ತಾರೆ. ನಡುವೆ ಇರೋದು ಅದೊಂದು ಡಬ್ಬ. ಅದರ ಗೋಡೆ ಮೇಲೇ ಅಂಟಿಸಿದ್ದೀನಲ್ಲಯ್ಯ, ನನ್ನ ಕೈಯಾರೆ!”

“ಭಾವ, ಆದರೆ ಫೈಲು…”

“ಫೈಲು ಹಾಳಾಗಿಹೋಗ್ಲಿ.”

ಶನಿವಾರ ನಾನು ರಜ ಹಾಕಿ ಅವರ ಜೊತೆ ಹೋದೆ. ತಪ್ಪು ನನ್ನದು, ಕೆರೆಯುವುದಕ್ಕಾದರೂ ಕೈ ಹಾಕಬೇಕಲ್ಲ. ಅಕ್ಕನ ಚಪ್ಪಟೆ ಸೌಟು, ಒಂದು ಬಾಟಲಿ ನೀರು ತಗೊಂಡು, ಕಚೇರಿ ತೆರೆಯುವುದಕ್ಕೆ ಮುಂಚೆ ಗೋಡೆಯ ಮೇಲಿದ್ದ ನಾಲ್ಕೂ ಪುಟ ಕೆರೆದು ತೆಗೆದೆವು. ಗೋಂದು ಗಟ್ಟಿಯಾಗಿತ್ತು, ನನ್ನ ಉಗುರು ಕಿತ್ತುಹೋಗುವಷ್ಟು ಗಟ್ಟಿ.

ಹತ್ತೂವರೆಗೆ ಲಿಫ್ಟಿನ ಮುಂದೆ ಅಧಿಕಾರಿಗಳ ಸಾಲು. ಎಂದೂ ಹನ್ನೊಂದಕ್ಕೆ ಮುಂಚೆ ಬಾರದವರು ಕೂಡ ಬಂದಿದ್ದರು. ಪ್ರೆಸ್ಸಿಗೆ ಬಂದಿದ್ದ ಆರು ಜನ, ಕಂಕುಳಲ್ಲಿ ಫೈಲು ಇಟ್ಟುಕೊಂಡ ದೊಡ್ಡ ಸಾಹೇಬರು, ರಜ ಮುಗಿಸಿ ಬಂದ ಮೇಡಂ. ಭಾವನನ್ನೂ ನನ್ನನ್ನೂ ಸೇರಿಸಿ ಸರಿಯಾಗಿ ಹತ್ತು. ಅಧಿಕಾರಿಗಳು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೇಲೆ. ಗೋಡೆಯ ಮೇಲೆ ಒದ್ದೆ ಕಲೆ ಮಾತ್ರ ಇತ್ತು.

ಗೇಟು ಮುಚ್ಚಿತು. ಮೇಡಂಗೆ ಏನೂ ಗೊತ್ತಿಲ್ಲ ಪಾಪ. “ಇವತ್ತಿನ ಪುಟ ಎಲ್ಲಿ? ನಿನ್ನೆ ನಾನಿರಲಿಲ್ಲ. ಯಾರೋ ಅತ್ತರಂತೆ?” ಅಂತ ಅದೇ ವೇದಿಕೆಯ ಸ್ವರದಲ್ಲಿ ಕೇಳಿಬಿಟ್ಟರು.

ಮೀಸೆ ಸೂಪರಿಂಟೆಂಡೆಂಟರು ‘ಹತ್ತು ಜನರಿಗೆ ಮಾತ್ರ’ ಬೋರ್ಡನ್ನು ಮೊದಲ ಸಲ ನೋಡುವವರಂತೆ ಓದತೊಡಗಿದರು.

ಭಾವ ಹಿಡಿಕೆಯಿಂದ ಕೈ ತೆಗೆಯದೆ, ತಿರುಗದೆ ಹೇಳಿದರು.

“ಅದೆಲ್ಲ ಮುಗೀತು ಮೇಡಂ. ನಿನ್ನೆಯದು ಈ ನನ್ನ ಭಾವಮೈದ ಕಟ್ಟಿದ ಕತೆ. ಬರೆಯೋಕೆ ಏನೂ ಸಿಗಲಿಲ್ಲ, ಬಾಯಿಗೆ ಬಂದದ್ದು ಬರೆದ. ಬೇಕಾದ್ರೆ ಅವನನ್ನೇ ಕೇಳಿ.” ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ. “ಮೂವತ್ತೊಂದು ವರ್ಷದಿಂದ ಇಲ್ಲಿದ್ದೀನಿ. ಈ ಲಿಫ್ಟಲ್ಲಿ ಯಾರೂ ಅತ್ತಿಲ್ಲ.”

ನನ್ನ ಬದುಕಿನಲ್ಲಿ ಎಷ್ಟೋ ಸುಳ್ಳು ಕೇಳಿದ್ದೇನೆ, ಕೆಲವನ್ನು ಅಚ್ಚಿಗೂ ಕಳಿಸಿದ್ದೇನೆ. ಅಂಥ ಸುಳ್ಳನ್ನು ಅಷ್ಟು ಚೆನ್ನಾಗಿ ಹೇಳಿದ್ದನ್ನು ಕೇಳಿಲ್ಲ. ಅದು ಸುಳ್ಳು ಅಂತ ಅಲ್ಲಿದ್ದ ಏಳೂ ಜನಕ್ಕೆ ಗೊತ್ತಿತ್ತು, ಪ್ರತಿಯೊಬ್ಬರೂ ತಮಗೊಬ್ಬರಿಗೇ ಗೊತ್ತು ಅಂದುಕೊಂಡಿದ್ದರು. ಯಾರೋ ಮೂಗು ಎಳೆದುಕೊಂಡರು. ಯಾರು ಅಂತ ನಾನು ನೋಡಲಿಲ್ಲ.

ಏಳನೇ ಮಹಡಿ ಬಂತು. ಮಟ್ಟಸವಾಗಿ ನಿಂತಿತು. ಗೇಟು ತೆರೆದರೂ ಒಬ್ಬರೂ ಇಳಿಯಲಿಲ್ಲ. ದೊಡ್ಡ ಸಾಹೇಬರು ಕಂಕುಳಿನ ಫೈಲು ತೆಗೆದು, ಗೋಡೆಗೆ ಆನಿಸಿ ಹಿಡಿದು, ಜೇಬಿನ ಪೆನ್ನಿನಿಂದ ಎರಡು ಸಾಲು ಬರೆದು ಸಹಿ ಹಾಕಿದರು. ಸೂಪರಿಂಟೆಂಡೆಂಟರು ಕೈಚಾಚಿ ಅದನ್ನು ಇಸಿದುಕೊಂಡು ನೋಡಿ, ತಾವೂ ಹಸಿರು ಶಾಯಿಯಲ್ಲಿ ಗೀಚಿದರು. ಹಾಗೇ ಅದು ಕೈಯಿಂದ ಕೈಗೆ ಹೋಯಿತು. ತಿಂಗಳುಗಟ್ಟಲೆ ಮಹಡಿ ಮಹಡಿ ಅಲೆದ ಫೈಲು ಎರಡು ನಿಮಿಷದಲ್ಲಿ ನಿಂತಲ್ಲೇ ಮುಗಿದದ್ದನ್ನು ಸರ್ಕಾರದ ಯಾವ ಚರಿತ್ರೆಯೂ ದಾಖಲಿಸಿರಲಾರದು.

ಭಾವ ಕನ್ನಡಕ ತಂದಿರಲಿಲ್ಲ. ಕತ್ತು ಚಾಚಿ ನೋಡಿದರು, ಕಾಣಲಿಲ್ಲ.

“ಏನು ಬರೆದ್ರಿ ಸಾರ್?” ಅಂತ ಕೇಳಿದರು.

“ಓದೋ ಅಂಥದ್ದೇನಿಲ್ಲ,” ಅಂದರು ದೊಡ್ಡ ಸಾಹೇಬರು. “ಹೊಸ ಲಿಫ್ಟಲ್ಲೂ ನೀವೇ ಇರಬೇಕು, ಅಷ್ಟೇ.” ಅಂದು ಇಳಿದರು. ಇಳಿದವರು ತಿರುಗಿ ನಿಂತು, ಭಾವ ಅನ್ನುವುದಕ್ಕೆ ಮುಂಚೆ ತಾವೇ ನಮಸ್ಕಾರ ಅಂದರು. ಉಳಿದವರೂ ಒಬ್ಬೊಬ್ಬರಾಗಿ ನಮಸ್ಕಾರ ಹೇಳಿ ಇಳಿದು, ತಂತಮ್ಮ ಮಹಡಿಗೆ ಮೆಟ್ಟಿಲ ದಾರಿ ಹಿಡಿದರು. ಮೇಡಂ ಒಬ್ಬರೇ ಏನಾಯಿತು ಅಂತ ಎಲ್ಲರನ್ನೂ ಕೇಳುತ್ತಾ ಹೋದರು.

ಕೆಳಗೆ ಬರುವಾಗ ಲಿಫ್ಟಿನಲ್ಲಿ ಭಾವ ಮತ್ತು ನಾನು ಇಬ್ಬರೇ. ಭಾವ ನನ್ನ ಕಡೆ ತಿರುಗಲಿಲ್ಲ, ಹಿಡಿಕೆ ಹಿಡಿದು ಗೇಟಿನ ಕಡೆಗೇ ಮುಖ ಮಾಡಿ ನಿಂತಿದ್ದರು. ನಾನು ಗೋಡೆಯ ಕಡೆ ತಿರುಗಿದ್ದೆ. ಕೆಳಗಿನ ಮಹಡಿ ಬಂತು, ಹೋಯಿತು, ಮತ್ತೆ ಬಂತು. ಎಷ್ಟು ಸಲ ಅಂತ ನಾನು ಎಣಿಸಲಿಲ್ಲ. ನೀವು ಕೇಳಬೇಡಿ. ಆ ಲಿಫ್ಟಲ್ಲಿ ಯಾರೂ ಅತ್ತಿಲ್ಲ.